ಟಕ್ ಅಂತದ್ಯೋ, ಧಡ್ ಅಂತದ್ಯೋ?

ಕುಮಟಾದಿಂದ ಹೊರಟು ಕತಗಾಲ ದಾಟಿ, ದೇವಿಮನೆ ಘಟ್ಟ ಹತ್ತಿ, ಬಂಡಲ ಕಳೆದು ರಾಗಿಹೊಸಳ್ಳಿ ಹತ್ತಿರ ತವರುಮನೆಯ ಒಳರಸ್ತೆಗೆ ತಿರುಗುವವರೆಗೆ ಎಷ್ಟು ಹಂಪ್ ಸಿಗುತ್ತವೆ ಎಂದು ನಾನು ಎಂದೂ ಎಣಿಸಿದವಳಲ್ಲ. ಹೋದ ಮಳೆಗಾಲ ಮುಗಿದ ಮೇಲೆ ಎಣಿಸತೊಡಗಿದೆ. ಯಾವುದು ಉದ್ದಕ್ಕೆ ಚಪ್ಪಟೆಯಾಗಿದೆ, ಯಾವುದು ಗೋಡೆಯ ಹಾಗೆ ಎದ್ದು ನಿಂತಿದೆ, ಯಾವುದರ ಎಡಬದಿ ಲಾರಿಗಳ ಭಾರಕ್ಕೆ ಕಿತ್ತುಹೋಗಿದೆ, ಎಲ್ಲವೂ ಈಗ ಬಾಯಿಪಾಠ. ಅದಕ್ಕೆ ಕಾರಣ ಕಾರಿನ ಮುಂಭಾಗದಿಂದ ಬರುತ್ತಿದ್ದ ಒಂದು ಶಬ್ದ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಕೂಡಲೇ ಊಟ ಕಟ್ಟಿಕೊಂಡು ಘಟ್ಟ ಹತ್ತುತ್ತೇನೆ. ಅಪ್ಪಯ್ಯನಿಗೆ ಎಪ್ಪತ್ತೆಂಟು, ಆಯಿಗೆ ಸೊಂಟದ ನೋವು. ಆಯಿಯನ್ನು ತಿಂಗಳಿಗೊಮ್ಮೆಯಾದರೂ ಕೆಳಗೆ ಕರೆತಂದು ವೈದ್ಯರಿಗೆ ತೋರಿಸಬೇಕು. ಪ್ರತಿ ಹಂಪ್‌ನಲ್ಲೂ ಆಯಿ ಹಿಂದಿನ ಸೀಟಿನಲ್ಲಿ ಎರಡೂ ಕೈ ಊರಿ ಸೊಂಟವನ್ನು ಸ್ವಲ್ಪ ಎತ್ತಿಕೊಳ್ಳುವುದು ಕನ್ನಡಿಯಲ್ಲಿ ಕಾಣುತ್ತದೆ. ಹಾಗಾಗಿ ಕಾರು ಹಂಪ್ ದಾಟುವುದು ಹೇಗೆ ಎಂಬುದು ನನಗೆ ಸಣ್ಣ ವಿಷಯವಲ್ಲ. ಕಾರು ಒಂಬತ್ತು ವರ್ಷ ಹಳೆಯ ಸಣ್ಣ ಗಾಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಎಪ್ಪತ್ತು ಸಾವಿರ ಕಿಲೋಮೀಟರ್ ದಾಟಿತ್ತು.

ಮೊದಲು ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಒಯ್ದೆ. "ಹಂಪ್ ಹತ್ತಿದಾಗ ಮುಂದೆ ಏನೋ ಶಬ್ದ ಬರ್ತದೆ" ಎಂದೆ. ಕೌಂಟರಿನ ಹುಡುಗ ಅದನ್ನು ಹಾಗೇ ಕಾಗದದ ಮೇಲೆ ಇಳಿಸಿಕೊಂಡ. ಸಂಜೆ ಹೋದಾಗ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೊಸದಾಗಿದ್ದವು, ಬಿಲ್ ತಯಾರಾಗಿತ್ತು. ದುಡ್ಡು ಕಟ್ಟಿ ಹೊರಬಿದ್ದೆ. ಮೊದಲ ಹಂಪ್‌ಗೇ ಅದೇ ಶಬ್ದ. ಹೋದ ದುಡ್ಡಿಗಿಂತ ಹೆಚ್ಚು ನೋಯಿಸಿದ್ದು ಇನ್ನೊಂದು: ಅಲ್ಲಿ ಯಾರೊಬ್ಬರೂ ಆ ಶಬ್ದವನ್ನು ಕೇಳಿಸಿಕೊಂಡಿರಲಿಲ್ಲ. ನನ್ನ ಪಕ್ಕ ಕೂತು ಒಂದು ಹಂಪ್ ದಾಟಿ ನೋಡೋಣ ಎಂದವರಿಲ್ಲ. ಹಳೆಯ ಶಾಕ್‌ಗಳನ್ನು ತೋರಿಸಿ ಎಂದು ಕೇಳುವುದು ನನಗೂ ಆಗ ಹೊಳೆಯಲಿಲ್ಲ.

ಎರಡನೆಯ ಸಲ ಹೋದದ್ದು ಊರ ಹೊರಗಿನ ಸಣ್ಣ ಗ್ಯಾರೇಜಿಗೆ. ತಗಡಿನ ಮಾಡು, ನೆಲದಲ್ಲಿ ತೋಡಿದ ಗುಂಡಿ, ಒಬ್ಬ ಮೇಸ್ತ್ರಿ, ಕೆಲಸ ಕಲಿಯುವ ಇಬ್ಬರು ಹುಡುಗರು. ನಾನು ಅದೇ ವಾಕ್ಯ ಹೇಳಿದೆ. ಆತ ಕೈ ಒರೆಸಿಕೊಳ್ಳುತ್ತ ಕೇಳಿದ: "ಏನೋ ಶಬ್ದ ಅಂದ್ರೆ ನಾ ಎಂತ ಮಾಡ್ಲಿ ಅಕ್ಕೋರೆ? ಟಕ್ ಅಂತದ್ಯೋ, ಧಡ್ ಅಂತದ್ಯೋ?"

ನನ್ನಲ್ಲಿ ಉತ್ತರ ಇರಲಿಲ್ಲ. ಪಟಪಟ, ಸರಸರ, ದಡದಡ ಎಂದು ವರ್ಷವರ್ಷ ಬೋರ್ಡಿನ ಮೇಲೆ ಅನುಕರಣಾವ್ಯಯ ಬರೆಸಿದ ಕೈ ನನ್ನದು. ಆದರೆ ಮೂರು ತಿಂಗಳಿಂದ ದಿನಾ ಕೇಳುತ್ತಿದ್ದ ಒಂದು ಶಬ್ದಕ್ಕೆ ನಾನು ಹೆಸರು ಇಟ್ಟಿರಲಿಲ್ಲ. ಮೇಸ್ತ್ರಿ ಅವಸರ ಮಾಡಲಿಲ್ಲ. "ಒಂದು ವಾರ ಕೇಳ್ಕಂಡು ಬನ್ನಿ. ಹತ್ತುವಾಗ್ಲೋ ಇಳಿಯುವಾಗ್ಲೋ, ಒಂದು ಚಕ್ರಕ್ಕೋ ಎರಡಕ್ಕೋ, ಬ್ರೇಕ್ ಹಿಡ್ದಾಗ್ಲೋ ಬಿಟ್ಟಾಗ್ಲೋ. ಗಾಡಿ ಬಿಚ್ಚೂಕೆ ಅರ್ಧ ಗಂಟೆ ಸಾಕು. ಎಲ್ಲಿ ಬಿಚ್ಚೂದು ಅಂತ ಗೊತ್ತಾಗ್ಬೇಕಲ್ಲ" ಎಂದ.

ಆ ವಾರದಲ್ಲಿ, ಅದರ ನಂತರದ ತಿಂಗಳುಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ "ಏನೋ ಶಬ್ದ" ಎಂದು ಹೇಳಿ ದುಡ್ಡು ಕಳೆದುಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆಂದು ನನಗೆ ಅನಿಸುತ್ತದೆ.

ಮೊದಲ ದಿನ ಮಾಡಿದ ಕೆಲಸ ಕಾರು ಖಾಲಿ ಮಾಡಿದ್ದು. ಡಿಕ್ಕಿಯಲ್ಲಿದ್ದ ಜಾಕ್, ಅದರ ಹಿಡಿಕೆ, ಸ್ಟೆಪ್ನಿ, ಬಾಗಿಲಿನ ಜೇಬಿನ ನೀರಿನ ಬಾಟಲಿ, ಸೀಟಿನಡಿ ಉರುಳಾಡುತ್ತಿದ್ದ ತೆಂಗಿನಕಾಯಿ, ಎಲ್ಲವನ್ನೂ ಜಗಲಿಯ ಮೇಲಿಟ್ಟು ಹೊರಟೆ. ಕಾರಿನ ಮೈ ಎಂದರೆ ತಗಡಿನ ದೊಡ್ಡ ಡಬ್ಬಿ. ಹಿಂದೆ ಹುಟ್ಟಿದ ಶಬ್ದ ಮುಂದೆ ಬಂದ ಹಾಗೆ ಕೇಳಿಸಬಹುದು, ಎಡದ್ದು ಬಲಕ್ಕೆ ದಾಟಬಹುದು. ಸ್ಟೆಪ್ನಿಯ ಬೋಲ್ಟ್ ಸಡಿಲವಾಗಿದ್ದರೆ ಪ್ರತಿ ಹಂಪ್‌ಗೂ ಶಾಕ್ ಹೋದ ಹಾಗೆಯೇ ಧಡ್ ಎನ್ನುತ್ತದೆ. ಸೈಲೆನ್ಸರನ್ನು ತೂಗಿಹಾಕುವ ರಬ್ಬರ್ ಹರಿದರೂ ಅಷ್ಟೇ. ಇವನ್ನು ಮನೆಯಲ್ಲೇ ನೋಡಿಕೊಳ್ಳಬಹುದು, ಖರ್ಚಿಲ್ಲ. ನನ್ನ ಕಾರಿನಲ್ಲಿ ತೆಂಗಿನಕಾಯಿಯ ಉರುಳು ನಿಂತಿತು, ಶಬ್ದ ನಿಲ್ಲಲಿಲ್ಲ.

ಆಮೇಲೆ ಹಂಪ್‌ಗಳನ್ನೇ ಬೇರೆಬೇರೆಯಾಗಿ ನೋಡಬೇಕಾಯಿತು. ಎಲ್ಲ ಹಂಪ್ ಒಂದೇ ಅಲ್ಲ. ರಸ್ತೆಗಳ ಅಳತೆ, ನಿಯಮ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲಿ ಸಣ್ಣ ರಸ್ತೆಗಳ ಹಂಪ್‌ಗೆಂದು ಐಆರ್‌ಸಿ 99 ಎಂಬ ಮಾರ್ಗಸೂಚಿ ಹೊರತಂದಿತು. 2018ರಲ್ಲಿ ಅದರ ಪರಿಷ್ಕೃತ ರೂಪ ಬಂತು. 1988ರ ಮಾರ್ಗಸೂಚಿಯ ಪ್ರಕಾರ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವ ಹಂಪ್ ದುಂಡಗಿರಬೇಕು, ಕಾರು ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರಸ್ತೆ ಸಂಶೋಧನಾಲಯದಲ್ಲಿ ವಾಟ್ಸ್ ಎಂಬುವರು ರೂಪಿಸಿದ ಹಂಪ್ ಕೂಡ ಇದೇ ಅಗಲದ್ದು. ಅದಕ್ಕೂ ಹಿಂದೆ, 1953ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಶ್ವವಿದ್ಯಾಲಯದ ಆವರಣದೊಳಗೆ ಕಾರುಗಳು ಜೋರಾಗಿ ಓಡುವುದನ್ನು ಕಂಡು ಆರ್ಥರ್ ಕಾಂಪ್ಟನ್ ಇಂಥ ಉಬ್ಬುಗಳನ್ನು ವಿನ್ಯಾಸ ಮಾಡಿದರು. ಎಕ್ಸ್‌ರೇ ಕಿರಣಗಳ ಚದುರುವಿಕೆಗಾಗಿ 1927ರ ನೊಬೆಲ್ ಪಡೆದ ಕಾಂಪ್ಟನ್ ಅವರೇ. ನಮ್ಮ ಶಾಲೆಯ ವಿಜ್ಞಾನ ಮಾಸ್ತರರಿಗೆ ಇದನ್ನು ಹೇಳಿದಾಗ ಅವರು ಅದೇ ದಿನ ಹತ್ತನೇ ತರಗತಿಯಲ್ಲಿ ಹೇಳಿಬಂದರು.

ನಮ್ಮೂರಿನ ಒಳರಸ್ತೆಯ ಹಂಪ್‌ಗಳಿಗೂ ಈ ಅಳತೆಗೂ ಸಂಬಂಧ ಕಡಿಮೆ. ಅಪಘಾತ ಆದ ಮಾರನೇ ದಿನ ಊರವರು ಸಿಮೆಂಟ್ ಕಲಸಿ ಹಾಕಿದವೇ ಹೆಚ್ಚು. ಅವುಗಳ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ರಸ್ತೆ ದಾಟುವ ಮಕ್ಕಳನ್ನು ದಿನಾ ನೋಡುವವಳು ನಾನು. ಆದರೆ ಎತ್ತರ ಅಷ್ಟೇ ಇದ್ದು ಅಗಲ ಬರೀ 40 ಸೆಂಟಿಮೀಟರ್ ಆದರೆ ಕಾರಿಗೆ ಏನಾಗುತ್ತದೆ ನೋಡಿ. ಗಂಟೆಗೆ 20 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಆ ವೇಗದಲ್ಲಿ 3.7 ಮೀಟರ್‌ನ ಹಂಪ್ ದಾಟಲು ಚಕ್ರಕ್ಕೆ 0.67 ಸೆಕೆಂಡ್ ಸಿಗುತ್ತದೆ. 40 ಸೆಂಟಿಮೀಟರ್‌ನದ್ದಕ್ಕೆ 0.07 ಸೆಕೆಂಡ್. ಮೊದಲನೆಯದರಲ್ಲಿ ಇಡೀ ಕಾರು ದೋಣಿಯ ಹಾಗೆ ಏರಿ ಇಳಿಯುತ್ತದೆ; ಅಲ್ಲಿ ಕೆಲಸ ಮಾಡುವುದು ಸ್ಪ್ರಿಂಗ್ ಮತ್ತು ಶಾಕ್. ಎರಡನೆಯದರಲ್ಲಿ ಸುತ್ತಿಗೆಯ ಏಟು ಬಿದ್ದ ಹಾಗೆ. ಆ ಏಟು ತಿನ್ನುವುದು ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಸಣ್ಣ ಸಣ್ಣ ಭಾಗಗಳು: ರಬ್ಬರ್ ಬುಷ್‌ಗಳು, ಬಾಲ್ ಜಾಯಿಂಟ್, ಲಿಂಕ್ ರಾಡ್, ಶಾಕ್‌ನ ತಲೆಯ ಮೇಲಿನ ಮೌಂಟ್.

ಹಾಗಾಗಿ ಅಗಲದ ಹಂಪ್ ದಾಟಿದ ಮೇಲೆ ಕಾರು ಎರಡು ಮೂರು ಸಲ ತೂಗಾಡಿದರೆ ಶಾಕ್ ಕಡೆ ಅನುಮಾನ ಹೋಗಬೇಕು. ಶಬ್ದವಿಲ್ಲದೆಯೂ ಶಾಕ್ ಕೆಟ್ಟಿರಬಹುದು, ಎಷ್ಟೋ ಸಲ ಕೆಡುವುದೇ ಹಾಗೆ. ಸ್ಪ್ರಿಂಗ್‌ಗೆ ಗೊತ್ತಿರುವುದು ಕುಗ್ಗುವುದು, ಚಿಮ್ಮುವುದು ಮಾತ್ರ. ಅದನ್ನು ಹಿಡಿದು ನಿಲ್ಲಿಸುವುದು ಶಾಕ್‌ನೊಳಗಿನ ಎಣ್ಣೆ. ಸಣ್ಣ ತೂತುಗಳಲ್ಲಿ ತಳ್ಳಿಸಿಕೊಂಡು ಹೋಗುತ್ತ ಅದು ಕುಣಿತದ ಶಕ್ತಿಯನ್ನು ಬಿಸಿಯಾಗಿ ಬದಲಾಯಿಸುತ್ತದೆ. ಸೀಲ್ ಹೋಗಿ ಎಣ್ಣೆ ಹೊರಬಂದರೆ ಕೊಳವೆಯ ಮೈಮೇಲೆ ನಮ್ಮ ಕಡೆಯ ಕೆಂಪು ಧೂಳು ಕಪ್ಪಾಗಿ, ಒದ್ದೆಯಾಗಿ ಮೆತ್ತಿಕೊಂಡಿರುತ್ತದೆ. ಚಕ್ರವನ್ನು ಪೂರ್ತಿ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಕಾಣುತ್ತದೆ. ಬಾನೆಟ್ಟಿನ ಮೂಲೆಯನ್ನು ಜೋರಾಗಿ ಒತ್ತಿ ಬಿಡುವ ಹಳೆಯ ಪರೀಕ್ಷೆಯೂ ಇದೆ: ಮೇಲೆದ್ದ ಕಾರು ಒಂದು ಸಲಕ್ಕೆ ತಣ್ಣಗಾಗಬೇಕು. ಪೂರ್ತಿ ಸತ್ತ ಶಾಕ್ ಅದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸವೆದದ್ದು ಸಿಗುವುದಿಲ್ಲ. ನನ್ನ ಕಾರು ಮೊದಲಿನಿಂದಲೂ ಒಂದೇ ಸಲಕ್ಕೆ ನಿಲ್ಲುತ್ತಿತ್ತು. ಆ ಹಳೆಯ ಶಾಕ್‌ಗಳು ಇನ್ನೂ ಓಡುತ್ತಿದ್ದವೇನೋ ಎಂಬ ಯೋಚನೆ ಇವತ್ತಿಗೂ ಚುಚ್ಚುತ್ತದೆ.

ಅಪ್ಪಯ್ಯ ಈ ಕೆಲಸಕ್ಕೆ ಇಳಿದದ್ದು ಎರಡನೆಯ ಶನಿವಾರ. ಜೀವಮಾನವಿಡೀ ಅಡಿಕೆ ತೋಟದಲ್ಲಿ ಕಳೆದ ಕಿವಿ ಅವರದ್ದು. ಹಲಸಿನಹಣ್ಣನ್ನು ತಟ್ಟಿ ಬೆಳೆದಿದೆಯೋ ಇಲ್ಲವೋ ಹೇಳುತ್ತಾರೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ನೀರು ಹೇಳುತ್ತಾರೆ. ಮನೆಯ ಹತ್ತಿರದ ಹಂಪ್ ಮೇಲೆ ನಾನು ಹತ್ತು ಸಲ ಹೋಗಿ ಬಂದೆ, ಅವರು ಒಮ್ಮೆ ಮುಂದೆ ಕೂತರು, ಒಮ್ಮೆ ಹಿಂದೆ, ಒಮ್ಮೆ ರಸ್ತೆಯ ಬದಿಯಲ್ಲಿ ಊರುಗೋಲು ಹಿಡಿದು ನಿಂತರು. ಮಾತು ಬಂದದ್ದು ಕೊನೆಗೆ: "ತಂಗಿ, ಇದು ಒಂದು ಶಬ್ದ ಅಲ್ಲ, ಎರಡು ಇದ್ದು. ಒಂದು ಹತ್ತಕಾರೆ ಇಲ್ಲೆ, ಇಳಿಯಕಾರೆ ಇದ್ದು."

ಮೂರು ತಿಂಗಳು ನಾನು ಒಂದೇ ಎಂದುಕೊಂಡದ್ದು ಎರಡಾಗಿತ್ತು. ಆಮೇಲೆ ಬೇರೆ ಮಾಡುವುದು ಕಷ್ಟವಾಗಲಿಲ್ಲ. ಒಂದು ಸಣ್ಣದು, ಲೋಹದ್ದು, ಟಕ್ ಟಕ್ ಎಂದು ಎರಡೆರಡು ಸಲ. ಇನ್ನೊಂದು ದಪ್ಪ, ಕಾಲಿನಡಿಯ ನೆಲಕ್ಕೆ ತಾಗುವಂಥದ್ದು, ಒಂದೇ ಸಲ ಟೊಕ್.

ಟಕ್ ಟಕ್ ಅನ್ನು ಹಿಡಿಯಲು ಮೇಸ್ತ್ರಿ ಹೇಳಿಕೊಟ್ಟ ಉಪಾಯ ಚಂದದ್ದು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಒಂದು ಉಕ್ಕಿನ ಸರಳು ಇದೆ, ಸ್ಟೆಬಿಲೈಸರ್ ಬಾರ್. ತಿರುವಿನಲ್ಲಿ ಕಾರು ಒಂದು ಬದಿಗೆ ವಾಲುವಾಗ ಅದು ತಿರುಚಿಕೊಂಡು ವಾಲುವಿಕೆಯನ್ನು ತಡೆಯುತ್ತದೆ. ಅದರ ಎರಡೂ ತುದಿಗಳನ್ನು ಚಕ್ರದ ಕಡೆಗೆ ಜೋಡಿಸುವ ಗೇಣುದ್ದದ ಕಡ್ಡಿಗಳೇ ಲಿಂಕ್ ರಾಡ್. ಅವುಗಳ ಎರಡೂ ತುದಿಯಲ್ಲಿ ಗುಂಡಿನ ಹಾಗಿನ ಸಣ್ಣ ಕೀಲು. ಹಂಪನ್ನು ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಹತ್ತುವಂತೆ ದಾಟಿದರೆ ಬಾರ್‌ನ ಎರಡೂ ತುದಿ ಒಟ್ಟಿಗೆ ಏಳುತ್ತವೆ, ಅದು ತಿರುಚಿಕೊಳ್ಳುವುದೇ ಇಲ್ಲ, ಲಿಂಕ್ ರಾಡ್‌ಗೆ ಹೆಚ್ಚಿನ ಕೆಲಸವಿಲ್ಲ. ಓರೆಯಾಗಿ, ಒಂದು ಚಕ್ರ ಮೊದಲು ಇನ್ನೊಂದು ಆಮೇಲೆ ಹತ್ತಿದರೆ ಬಾರ್ ತಿರುಚಿ ಸವೆದ ಕೀಲು ಬಾಯಿಬಿಡುತ್ತದೆ. ನೇರ ಹೋದಾಗ ಸುಮ್ಮನಿದ್ದು ಓರೆ ಹೋದಾಗ ಟಕ್ ಟಕ್ ಎಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ, ಅಥವಾ ಬಾರ್ ಅನ್ನು ಚಾಸಿಗೆ ಹಿಡಿದಿಟ್ಟ ರಬ್ಬರಿನ ಮೇಲೆ. ಘಟ್ಟದ ಅಗಲೀಕರಣದ ಕೆಲಸ ನಡೆಯುತ್ತಿದ್ದಲ್ಲಿ ಜಲ್ಲಿ ಹಾಸಿದ ಜಾಗಗಳಲ್ಲಿ ನಿಧಾನ ಹೋಗುವಾಗ ಈ ಶಬ್ದ ಎಡೆಬಿಡದೆ ಬರುತ್ತಿದ್ದುದಕ್ಕೂ ಇದೇ ಕಾರಣ: ಅಲ್ಲಿ ಎಡ ಬಲ ಚಕ್ರಗಳು ಯಾವತ್ತೂ ಒಟ್ಟಿಗೆ ಏಳುವುದಿಲ್ಲ.

ಇಲ್ಲೇ ಒಂದು ಮಾತು. ಹಂಪ್‌ನ ಅಂಚಿನಲ್ಲಿ ಬಿಟ್ಟ ಸಂದಿಗೆ ಒಂದು ಬದಿಯ ಚಕ್ರ ಇಳಿಸಿ ದಾಟುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ, ನನಗೂ ಇತ್ತು. ಅರ್ಧ ಹಂಪ್ ತಪ್ಪಿತೆಂದು ಸಮಾಧಾನ. ಆದರೆ ಹಾಗೆ ಮಾಡಿದಷ್ಟು ಸಲವೂ ಬಾರ್ ತಿರುಚುತ್ತದೆ, ಏಟೆಲ್ಲ ಒಂದೇ ಬದಿಯ ಕೀಲುಗಳಿಗೆ ಬೀಳುತ್ತದೆ, ಆ ಸಂದಿಯಲ್ಲಿ ನಡೆದು ಹೋಗುವವರಿಗೂ ಅಪಾಯ. ಈಗ ನೇರವಾಗಿಯೇ ದಾಟುತ್ತೇನೆ. ಬ್ರೇಕ್ ಅನ್ನು ಹಂಪ್‌ಗೆ ಮೊದಲೇ ಹಿಡಿದು, ಚಕ್ರ ಹತ್ತುವ ಹೊತ್ತಿಗೆ ಬಿಟ್ಟಿರುತ್ತೇನೆ. ಬ್ರೇಕ್ ಒತ್ತಿಕೊಂಡೇ ಹತ್ತಿದರೆ ಕಾರಿನ ಮೂತಿ ಮೊದಲೇ ತಗ್ಗಿರುತ್ತದೆ, ಸ್ಪ್ರಿಂಗ್ ಅರ್ಧ ಕುಗ್ಗಿರುತ್ತದೆ, ಉಳಿದ ಅಂತರ ಹಂಪ್‌ಗೆ ಸಾಲದೆ ಶಾಕ್‌ನ ದಂಡದ ಮೇಲಿನ ರಬ್ಬರ್ ತಡೆಗೆ ಹೋಗಿ ಧಡ್ ಎಂದು ಬಡಿಯುತ್ತದೆ. ಆಯಿಯ ಸೊಂಟಕ್ಕೆ ಹೆಚ್ಚು ನೋವಾಗುತ್ತಿದ್ದದ್ದು ಆ ಧಡ್‌ನಿಂದ. ಅದು ಕಾರಿನ ದೋಷವಾಗಿರಲಿಲ್ಲ, ನನ್ನ ಕಾಲಿನದ್ದು.

ಟೊಕ್ ಎನ್ನುವುದರ ಹಿಂದೆ ಹೋಗುವುದು ಸ್ವಲ್ಪ ಕಷ್ಟವಾಯಿತು, ಏಕೆಂದರೆ ಹಾಗೆ ಸದ್ದು ಮಾಡುವ ಭಾಗಗಳು ಹಲವು. ಇಂದಿನ ಹೆಚ್ಚಿನ ಸಣ್ಣ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಅದು. ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಲ್ಲಿ. ಸ್ಟೇರಿಂಗ್ ತಿರುಗಿಸಿದರೆ ಆ ಕಂಬವೇ ತಿರುಗುತ್ತದೆ. ಕಂಬದ ತಲೆ ಬಾನೆಟ್ಟಿನ ಕೆಳಗೆ ರಬ್ಬರ್ ಮೌಂಟ್ ಮತ್ತು ಬೇರಿಂಗ್‌ನಲ್ಲಿ ಕೂತಿರುತ್ತದೆ. ಬುಡವನ್ನು ಲೋವರ್ ಆರ್ಮ್ ಎಂಬ ತೋಳು ಹಿಡಿದಿರುತ್ತದೆ. ಮೌಂಟ್ ಸವೆದರೂ ಟೊಕ್, ತೋಳಿನ ಬುಷ್ ಹರಿದರೂ ಟೊಕ್, ತೋಳಿನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಗುಂಡಿನ ಕೀಲು, ಅಂದರೆ ಬಾಲ್ ಜಾಯಿಂಟ್, ಸಡಿಲವಾದರೂ ಟೊಕ್.

ಬೇರಿಂಗ್ ಅಥವಾ ಮೌಂಟ್ ಎಂದಾದರೆ ನಿಂತ ಕಾರಿನಲ್ಲೇ ಗೊತ್ತಾಗಬಹುದು. ಒಬ್ಬರು ಸ್ಟೇರಿಂಗ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಲಿ, ಇನ್ನೊಬ್ಬರು ಬಾನೆಟ್ ಎತ್ತಿ ಕಂಬದ ತಲೆಯ ಮೇಲೆ ಕೈ ಇಡಲಿ. ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ಸ್ವಲ್ಪ ಸ್ವಲ್ಪವೇ ತಿರುಚಿ ಕೊನೆಗೆ ಟಣ್ ಎಂದು ಹಾರಿ ಕೂರುವುದು ಅಂಗೈಗೆ ತಿಳಿಯುತ್ತದೆ. ನನ್ನದು ಹಾಗೆ ಮಾಡಲಿಲ್ಲ. ತೋಳಿನ ಬುಷ್‌ಗೆ ಬೇರೆ ಪರೀಕ್ಷೆ. ಶಾಲೆಯ ಮೈದಾನದ ಸಮತಟ್ಟಾದ ನೆಲದಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ, ನಿಧಾನ ಮುಂದೆ ಹೋಗಿ ಬ್ರೇಕ್ ಹಿಡಿದೆ, ಹಿಂದೆ ಹೋಗಿ ಬ್ರೇಕ್ ಹಿಡಿದೆ. ದಿಕ್ಕು ಬದಲಾದ ಪ್ರತಿ ಸಲವೂ ಒಂದೊಂದು ಟೊಕ್. ಹಂಪ್ ಇಲ್ಲದೆಯೇ! ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಎಳೆಯುತ್ತದೆ, ತೋಳನ್ನು ಹಿಡಿದಿಟ್ಟ ರಬ್ಬರ್ ಹರಿದಿದ್ದರೆ ತೋಳೇ ಜರುಗುತ್ತದೆ. ಹಂಪ್ ಇಳಿಯುವಾಗ ಚಕ್ರ ಕೆಳಗೆ ಜೋತುಬೀಳುವಾಗಲೂ ಅದೇ ಜರುಗು.

ಬಾಲ್ ಜಾಯಿಂಟ್ ಬಗ್ಗೆ ಮಾತ್ರ ಯಾರೂ ವಾರಗಟ್ಟಲೆ ಕೇಳುತ್ತ ಕೂರಬೇಡಿ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಅದು ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್; ಎಡ ಬಲ ಹಿಡಿದು ಅಲ್ಲಾಡಿಸಿದಾಗ ಇದ್ದರೆ ಹೆಚ್ಚಾಗಿ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು, ಟೈ ರಾಡ್ ಎಂಡ್. ಇವು ಕಳಚಿಕೊಂಡರೆ ಚಕ್ರವೇ ಕೈಬಿಡುತ್ತದೆ. ದೇವಿಮನೆಯ ತಿರುವಿನಲ್ಲಿ ಹಾಗಾಗುವುದನ್ನು ನೆನೆಸಿಕೊಳ್ಳಲೂ ನನಗೆ ಇಷ್ಟವಿಲ್ಲ. ಆಟ ಕಂಡ ದಿನವೇ ಗಾಡಿ ನಿಲ್ಲಿಸಿ.

ಒಂದು ನೋಟ್‌ಬುಕ್ ಇಟ್ಟಿದ್ದೆ. ದಿನಾಂಕ, ಯಾವ ಹಂಪ್, ವೇಗ, ಮಳೆಯೋ ಬಿಸಿಲೋ, ಶಬ್ದ. ಶಬ್ದದ ಕಾಲಂ ತುಂಬಿಸುವಾಗ ನನ್ನ ಭಾಷೆಯ ಬಗ್ಗೆ ನನಗೆ ಹೊಸ ಪ್ರೀತಿ ಹುಟ್ಟಿತು. ಟಕ್, ಟೊಕ್, ಧಡ್, ಟಣ್, ಕಿರ್ರ್, ಲೊಟಲೊಟ, ಗರಗರ: ಇವುಗಳಲ್ಲಿ ಯಾವುದನ್ನೂ ಇನ್ನೊಂದರ ಜಾಗಕ್ಕೆ ಹಾಕುವಂತಿಲ್ಲ. ಟ ಎಂದರೆ ಲೋಹಕ್ಕೆ ಲೋಹ ತಾಗಿತು, ಧ ಎಂದರೆ ಭಾರ ಬಿತ್ತು, ರ ಎಳೆದರೆ ಏನೋ ಉಜ್ಜುತ್ತಿದೆ. ಅ ಇದ್ದಲ್ಲಿ ಒ ಬಂದರೆ ಶಬ್ದ ಸಣ್ಣ ಕೀಲಿನಿಂದ ದೊಡ್ಡದಕ್ಕೆ ಹೋಯಿತು. ಆ ತಿಂಗಳು ಎಂಟನೇ ತರಗತಿಗೆ ಅನುಕರಣಾವ್ಯಯ ಕಲಿಸುವಾಗ ಪುಸ್ತಕ ಮುಚ್ಚಿಸಿ, ಮನೆಯಲ್ಲಿ ಕೇಳಿದ ಶಬ್ದ ಬರೆದು ತನ್ನಿ ಎಂದೆ. ಮೀನಿನ ದೋಣಿಗೆ ಹೋಗುವವರ ಮನೆಯ ಹುಡುಗ ಬರೆದು ತಂದ: ಇಂಜಿನ್ ಸರಿ ಇದ್ದಾಗ ಡುಗುಡುಗು, ಡೀಸೆಲ್‌ನಲ್ಲಿ ನೀರು ಸೇರಿದಾಗ ಡುಗು... ಡು... ಡುಗು. ಮಧ್ಯದ ಚುಕ್ಕಿಗಳನ್ನು ಅವನೇ ಇಟ್ಟಿದ್ದ. ನಾನು ಆ ಹಾಳೆಯನ್ನು ಇಟ್ಟುಕೊಂಡಿದ್ದೇನೆ.

ನೋಟ್‌ಬುಕ್ ಹಿಡಿದು ಗ್ಯಾರೇಜಿಗೆ ಹೋದೆ. ಮೇಸ್ತ್ರಿ ನಿಂತಲ್ಲೇ ಎರಡು ಪುಟ ಓದಿದ. "ಲಿಂಕ್ ರಾಡು, ಆಮೇಲೆ ಲೋವರ್ ಆರ್ಮಿನ ಹಿಂದಿನ ಬುಷ್. ಆದ್ರೂ ನೋಡ್ದೆ ಬಿಚ್ಚೂದಿಲ್ಲ" ಎಂದ. ಒಬ್ಬ ಹುಡುಗ ಕಾರನ್ನು ಎಡಕ್ಕೂ ಬಲಕ್ಕೂ ತೂಗಿದ, ಮೇಸ್ತ್ರಿ ಗುಂಡಿಯೊಳಗಿಂದ ಬಲಗಡೆಯ ಲಿಂಕ್ ರಾಡಿನ ಕೀಲಿನ ಮೇಲೆ ಎರಡು ಬೆರಳಿಟ್ಟ. ನನ್ನನ್ನೂ ಕರೆದು ಇಡಿಸಿದ. ಕಿವಿಗೆ ಏನೂ ಕೇಳದ ಆ ತೂಗಾಟದಲ್ಲಿ ಬೆರಳ ತುದಿಗೆ ಟಕ್ ಎನ್ನುವುದು ಸ್ಪಷ್ಟವಾಗಿ ತಾಗಿತು. ಆಮೇಲೆ ಸಂದಿಗೆ ಉದ್ದನೆಯ ಕಬ್ಬಿಣದ ಲಿವರ್ ಹಾಕಿ ತೋಳನ್ನು ಮೀಟಿದ. ಬುಷ್‌ನ ರಬ್ಬರ್ ಅರ್ಧ ಚಂದ್ರಾಕಾರಕ್ಕೆ ಬಾಯಿಬಿಟ್ಟಿತು. ಮೂರು ತಿಂಗಳ ಶಬ್ದ ಹೆಬ್ಬೆರಳಷ್ಟು ಉದ್ದದ ಬಿರುಕಾಗಿ ಕಣ್ಣೆದುರು ಇತ್ತು.

ಲಿಂಕ್ ರಾಡ್‌ಗಳನ್ನು ಎರಡೂ ಬದಿ ಬದಲಾಯಿಸಿದ. ಬುಷ್ ಹೊಸದು ಕೂರಿಸಿದ ಮೇಲೆ ಬೋಲ್ಟನ್ನು ಕೈಬಿಗಿಗೆ ಮಾತ್ರ ಬಿಗಿದು, ಕಾರನ್ನು ಜಾಕ್‌ನಿಂದ ಇಳಿಸಿ ಚಕ್ರದ ಮೇಲೆ ನಿಲ್ಲಿಸಿ, ಮತ್ತೆ ಗುಂಡಿಗಿಳಿದು ಪೂರ್ತಿ ಬಿಗಿ ಮಾಡಿದ. ಯಾಕೆಂದು ಕೇಳಿದೆ. ಬುಷ್ ಎಂದರೆ ಒಳಗೊಂದು ಉಕ್ಕಿನ ನಳಿಗೆ, ಹೊರಗೊಂದು ಬಳೆ, ಮಧ್ಯ ಎರಡಕ್ಕೂ ಅಂಟಿಕೊಂಡ ರಬ್ಬರ್. ತೋಳು ಏರಿಳಿಯುವಾಗ ಅಲ್ಲಿ ಯಾವುದೂ ಜಾರುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ ಅಷ್ಟೇ. ಕಾರು ಜಾಕ್ ಮೇಲಿದ್ದಾಗ ಚಕ್ರ ಜೋತುಬಿದ್ದಿರುತ್ತದೆ. ಆಗಲೇ ಬಿಗಿದರೆ ಅದೇ ರಬ್ಬರಿನ ನೆಟ್ಟಗಿನ ಸ್ಥಿತಿಯಾಗುತ್ತದೆ. ಕೆಳಗಿಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಬದುಕಬೇಕು, ಹಂಪ್ ಬಂದಾಗ ಇನ್ನಷ್ಟು ತಿರುಚಬೇಕು. "ಹಂಗೆ ಕೂರ್ಸಿದ್ರೆ ಬೇಗ ಹರೀತದೆ ಅಕ್ಕೋರೆ. ಹೊಸ ಬುಷ್ ಹಾಕ್ಸಿದ್ರೂ ಉಳೂದಿಲ್ಲ ಅಂತ ಜನ ಬುಷ್ಷಿಗೆ ಬೈತಾರೆ." ಈ ಹತ್ತು ನಿಮಿಷದ ಕೆಲಸವನ್ನು ಎಷ್ಟು ಕಡೆ ಮಾಡುತ್ತಾರೋ ತಿಳಿಯದು. ನೀವು ಪಕ್ಕದಲ್ಲೇ ನಿಂತು, ಕಾರು ಕೆಳಗಿಳಿದ ಮೇಲೆ ಬಿಗಿ ಮಾಡಿ ಎಂದು ಕೇಳಿಕೊಳ್ಳಿ. ವೀಲ್ ಅಲೈನ್‌ಮೆಂಟ್ ಮಾಡಿಸಿಕೊಳ್ಳಿ ಎಂದು ಬೇರೆ ಕಡೆ ಕಳಿಸಿದ. ಒಟ್ಟು ಖರ್ಚು ಮೊದಲಿನ ಶಾಕ್ ಬಿಲ್ಲಿನ ಕಾಲು ಭಾಗವೂ ಆಗಲಿಲ್ಲ. ತೆಗೆದ ಲಿಂಕ್ ರಾಡ್, ಹರಿದ ಬುಷ್ ಎರಡನ್ನೂ ಕಾಗದದಲ್ಲಿ ಸುತ್ತಿ ಕೇಳುವ ಮೊದಲೇ ನನ್ನ ಕೈಗೆ ಕೊಟ್ಟ.

ಆ ಶನಿವಾರ ಆಯಿಯನ್ನು ಕರೆದುಕೊಂಡು ಘಟ್ಟ ಇಳಿದೆ. ಕತಗಾಲ ಬರುವವರೆಗೆ ನಾನೂ ಮಾತಾಡಲಿಲ್ಲ, ಆಯಿಯೂ ಮಾತಾಡಲಿಲ್ಲ. ಹಂಪ್ ಬಂದಾಗ ಕನ್ನಡಿ ನೋಡಿದೆ. ಆಯಿಯ ಕೈ ಮಡಿಲಲ್ಲೇ ಇತ್ತು.

ಈಗ ಎರಡು ವಾರದಿಂದ ಇನ್ನೊಂದು ಶುರುವಾಗಿದೆ. ಬೆಳಿಗ್ಗೆ ಮೊದಲ ಹಂಪ್‌ಗೆ ಮಾತ್ರ, ಹಿಂದಿನ ಕಡೆಯಿಂದ, ಹಳೆಯ ಬಾಗಿಲು ತೆರೆದ ಹಾಗೆ ಸಣ್ಣದಾಗಿ ಕಿರ್ರ್. ಹತ್ತು ಕಿಲೋಮೀಟರ್ ಓಡಿದ ಮೇಲೆ ಇಲ್ಲ. ಮೊನ್ನೆ ಅಕಾಲ ಮಳೆ ಬಿದ್ದ ದಿನ ಬರಲೇ ಇಲ್ಲ. ನೀರು ತಾಗಿದರೆ ಸುಮ್ಮನಾಗುವುದು ಒಣಗಿದ ರಬ್ಬರಿನ ಲಕ್ಷಣ. ಆದರೆ ಸಮುದ್ರದ ಗಾಳಿಗೆ ಸ್ಪ್ರಿಂಗ್‌ನ ಬುಡ ತುಕ್ಕು ಹಿಡಿದಿದ್ದರೂ ಹೀಗಾಗಬಹುದು, ಅದನ್ನು ಬಿಟ್ಟರೆ ಸ್ಪ್ರಿಂಗ್ ಮುರಿಯುವುದೂ ಉಂಟು. ನೋಟ್‌ಬುಕ್‌ನಲ್ಲಿ ಹೊಸ ಪುಟ ತೆರೆದಿದ್ದೇನೆ. ಈ ಶನಿವಾರ ರಾತ್ರಿ ಅಲ್ಲೇ ಉಳಿದು, ಭಾನುವಾರ ಬೆಳಿಗ್ಗೆ ಕಾರು ತಣ್ಣಗಿರುವಾಗಲೇ ಅಪ್ಪಯ್ಯನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮನೆಯ ಹತ್ತಿರದ ಹಂಪ್‌ಗೆ ಹೋಗಬೇಕು.